ಲೆಕ್ಕಕ್ಕಿಲ್ಲದ ಮಾತು

ಅಕ್ಷರಗಳು ಸರಿಯಾಗಿಯೇ ಕಾಣುತ್ತಿದ್ದವು. ಬಾಯಿಂದ ಬಂದದ್ದು ಮಾತ್ರ ಬೇರೆ.

ಜಯನಗರದ ನಮ್ಮ ಚರ್ಚಿನಲ್ಲಿ ಆ ಭಾನುವಾರ ಬೈಬಲಿನ ವೇದಪಾಠ ಓದುವ ಸರದಿ ನನ್ನದಾಗಿತ್ತು. ಕೆಲವು ದಿನಗಳಿಂದ ತಲೆನೋವಿತ್ತು. ಪಿಎಚ್.ಡಿ. ವೈವಾ ಮುಗಿಸಿದ ಆಯಾಸವೆಂದುಕೊಂಡಿದ್ದೆ. ಮೊದಲ ವಾಕ್ಯ ಓದಿದೆ. ಎರಡನೆಯದರಲ್ಲಿ ಪುಟದ ಮೇಲಿಲ್ಲದ ಶಬ್ದವೊಂದು ಬಂತು. ಮತ್ತೆ ಓದಿದೆ. ಇನ್ನೊಂದು ಬಂತು. ಧ್ವನಿ ನನ್ನದೇ, ಆದರೆ ಅದು ಯಾವ ಭಾಷೆಯೂ ಆಗಿರಲಿಲ್ಲ. ಯಾರೋ ಕೆಮ್ಮಿದರು. ಬಲಗೈ ಪುಟದ ಮೇಲಿಂದ ತಾನಾಗಿ ಜಾರಿತು.

ಆಮೇಲಿನದು ನೆನಪಿಲ್ಲ. ಫಿಟ್ಸ್ ಬಂತಂತೆ.

ಅಂದು ಅಮ್ಮ ನನ್ನ ಡಾಕ್ಟರೇಟ್‌ಗಾಗಿ ಸ್ತೋತ್ರ ಕಾಣಿಕೆ ಕೊಟ್ಟಿದ್ದಳು. ಮನೆಯಲ್ಲಿ ಒಳ್ಳೆಯದಾದರೆ ಕವರಿನಲ್ಲಿ ಕಾಣಿಕೆ ಇಟ್ಟು, ಮೇಲೆ ಕಾರಣ ಬರೆದು ಕೊಡುವುದು ನಮ್ಮ ಸಭೆಯ ಪದ್ಧತಿ. ನಮ್ಮ ಪಾದ್ರಿ ಅಯ್ಯನವರು ಅದನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ನನ್ನ ಎಸ್ಸೆಸ್ಸೆಲ್ಸಿ, ಪಿಯುಸಿ, ಎಂ.ಎ. ರ‍್ಯಾಂಕು, ಬನಶಂಕರಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಲೆಕ್ಚರರ್ ಕೆಲಸ. ಹಾಗೆ ನನ್ನ ಹೆಸರು ಓದುವಾಗಲೆಲ್ಲ ತಲೆ ತಗ್ಗಿಸಿ ಕೂರುತ್ತಿದ್ದೆ. ಒಳಗೆ ಮಾತ್ರ ಅದಕ್ಕಾಗಿ ಕಾದಿರುತ್ತಿದ್ದೆ. ಈ ಸಲದ ಕವರ್ ಓದುವ ಮೊದಲೇ ನನ್ನನ್ನು ಎತ್ತಿಕೊಂಡು ಹೊರಗೆ ಒಯ್ದಿದ್ದರು.

ಎಂ.ಆರ್.ಐ. ನೋಡಿದ ನ್ಯೂರಾಲಜಿಸ್ಟ್ ಅಮ್ಮನಿಗೆ ಹೇಳಿದರು: "ಬ್ರೇನ್‌ನಿಂದ ರಕ್ತ ವಾಪಸ್ ತರೋ ನಾಳದಲ್ಲಿ ಕ್ಲಾಟ್ ಆಗಿದೆ. ಸಿವಿಟಿ ಅಂತೀವಿ. ಮಾತಿನ ಜಾಗಕ್ಕೆ ಪೆಟ್ಟು ಬಿದ್ದಿದೆ." ಆಮೇಲೆ ಜೇಬಿನಿಂದ ಪೆನ್ನು ತೆಗೆದು ನನ್ನ ಮುಂದೆ ಹಿಡಿದರು. "ಇದೇನಮ್ಮ?"

ನನಗೆ ಗೊತ್ತಿತ್ತು. ನೀಲಿ ಶಾಯಿಯದೆಂದೂ ಗೊತ್ತಿತ್ತು.

"ಸೋಮವಾರ," ಎಂದೆ.

ಅಮ್ಮ ನಕ್ಕುಬಿಟ್ಟಳು. ತಮಾಷೆ ಮಾಡಿದೆನೆಂದುಕೊಂಡಳು. ಆಮೇಲೆ ನನ್ನ ಮುಖ ನೋಡಿದಳು.

ಐಸಿಯುನಿಂದ ವಾರ್ಡಿಗೆ ಬಂದ ಮೇಲೆ ಸ್ಪೀಚ್ ಥೆರಪಿಸ್ಟ್ ದಿನಾ ಬರತೊಡಗಿದಳು. ನನ್ನದೇ ವಯಸ್ಸಿನ ಹುಡುಗಿ. ಬಾಚಣಿಗೆ, ಬೀಗ, ಬಾಳೆಹಣ್ಣಿನ ಚಿತ್ರ ತೋರಿಸುತ್ತಿದ್ದಳು. ಒಂದೊಂದು ಹೆಸರೂ ನಾಲಗೆಯ ಹತ್ತಿರ ಬಂದು ಅಲ್ಲೇ ನಿಲ್ಲುತ್ತಿತ್ತು. ಅರವತ್ತು ಮಕ್ಕಳ ಮುಂದೆ ಟಿಪ್ಪಣಿಯಿಲ್ಲದೆ ಪಾಠ ಮಾಡುತ್ತಿದ್ದವಳು ನಾನು. ಬಾಳೆಹಣ್ಣಿನ ಮುಂದೆ ಬೆವರಿದೆ.

ಒಂದು ಸಂಜೆ, ಮನೆಯಲ್ಲಿ ಊಟಕ್ಕೆ ಮುಂಚೆ ಮಾಡುವಂತೆಯೇ ಅಮ್ಮ ಮಂಚದ ಪಕ್ಕ ನಿಂತು ಕರ್ತನ ಪ್ರಾರ್ಥನೆ ಶುರು ಮಾಡಿದಳು. ಎರಡನೆಯ ಸಾಲಿಗೆ ಇನ್ನೊಂದು ಧ್ವನಿ ಸೇರಿತು. ತೊದಲಿಲ್ಲ. ತಪ್ಪಿಲ್ಲ. ಆಮೆನ್‌ವರೆಗೂ.

ಆ ಧ್ವನಿ ನನ್ನದು.

ಅಮ್ಮ ಮಂಚದ ಕಂಬಿ ಹಿಡಿದುಕೊಂಡಳು. "ದೇವರು ಮಾತು ವಾಪಸ್ ಕೊಟ್ರು," ಎಂದಳು. ನಾನು ಉತ್ತರ ಕೊಡಲು ಹೋದೆ. ಏನೂ ಬರಲಿಲ್ಲ.

ಮರುದಿನ ಥೆರಪಿಸ್ಟ್ ಸಮಾಧಾನವಾಗಿ ವಿವರಿಸಿದಳು. "ಆಂಟಿ, ಅದು ಆಟೋಮ್ಯಾಟಿಕ್ ಸ್ಪೀಚ್. ಚಿಕ್ಕಂದಿನಿಂದ ಬಾಯಿಪಾಠ ಆಗಿರೋದು, ಬೇರೆ ದಾರೀಲಿ ಬರತ್ತೆ. ಕೆಲವರು ಹಾಡು ಹೇಳ್ತಾರೆ, ಕೆಲವರು ಬೈತಾರೆ. ಇಂಪ್ರೂವ್‌ಮೆಂಟ್ ನೋಡೋವಾಗ ಅದು ಲೆಕ್ಕಕ್ಕಿಲ್ಲ."

"ಪುಣ್ಯ, ನಮ್ಮನೇಲಿ ಪ್ರಾರ್ಥನೆ ಕಲಿಸಿದ್ವಿ," ಎಂದಳು ಅಮ್ಮ.

ಥೆರಪಿಸ್ಟ್ ನಕ್ಕಳು. ನನಗೆ ನಗು ಬರಲಿಲ್ಲ. ಲೆಕ್ಕಕ್ಕಿಲ್ಲ ಎಂಬ ಮಾತು ತಲೆಯಲ್ಲಿ ಉಳಿಯಿತು. ಲೆಕ್ಕಕ್ಕೆ ಬರುವುದನ್ನೇ ನಾನು ಇಷ್ಟು ವರ್ಷ ಸಂಪಾದಿಸಿದ್ದು. ಸಂಡೇ ಸ್ಕೂಲಿನಲ್ಲಿ ಕೃಪೆಯ ಬಗೆಗಿನ ವಚನಗಳನ್ನು ಕೂಡ ಕಂಠಪಾಠ ಸ್ಪರ್ಧೆಗಾಗಿ ಕಲಿತು ಮೊದಲ ಬಹುಮಾನ ತಂದವಳು ನಾನು. ಕೃಪೆಯೆಂದರೆ ಗಳಿಸದೆ ಸಿಗುವುದೆಂದು ಬರೆದು, ಅದಕ್ಕೂ ಅಂಕ ಗಳಿಸಿದ್ದೆ.

ಮನೆಗೆ ಬಂದೆವು. ಅಪ್ಪ ತೀರಿಕೊಂಡ ಮೇಲೆ ಚಿಕ್ಕಲಸಂದ್ರದ ಮನೆಯಲ್ಲಿ ನಾವಿಬ್ಬರೇ. ರಕ್ತ ತೆಳುವಾಗಿಸುವ ಮಾತ್ರೆ, ಅದು ಹೆಚ್ಚುಕಮ್ಮಿಯಾಗದಂತೆ ನೋಡುವ ಐಎನ್‌ಆರ್ ಟೆಸ್ಟ್, ಅಮ್ಮ ಕೂರಿಸಿ ಹೇಳಿಸುವ ಚಿತ್ರಗಳು. ಉಪ್ಪು ಕೇಳಲು ಹೋಗಿ ಛತ್ರಿ ಎಂದೆ. ಅಮ್ಮ ಸುಮ್ಮನೆ ಉಪ್ಪು ತಂದಿಟ್ಟಳು. ಕಾಲೇಜಿನವರು ರಜೆ ಕೊಟ್ಟರು, ನನ್ನ ತರಗತಿಗಳನ್ನು ಬೇರೆಯವರಿಗೆ ಕೊಟ್ಟರು. ನಾನಿಲ್ಲದೆಯೂ ಪಾಠ ನಡೆಯಿತು. ಪಾಠ ಮಾಡದ ನಾನು ಯಾರೆಂದು ಮಾತ್ರ ತಿಳಿಯಲಿಲ್ಲ. ಇದನ್ನು ಅಮ್ಮನಿಗೆ ಹೇಳಲು ಪದಗಳಿರಲಿಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲ.

ಚರ್ಚಿಗೆ ಹೋಗಲು ಒಪ್ಪಲಿಲ್ಲ. ಅಮ್ಮ ಒತ್ತಾಯಿಸಲಿಲ್ಲ. ಒಂದು ಶನಿವಾರ ಅವರೆಕಾಳು ಬಿಡಿಸುತ್ತಾ ಹೇಳಿದಳು, "ನಾಳೆ ಸ್ತೋತ್ರ ಕಾಣಿಕೆ ಕೊಡ್ಬೇಕು ಅಂತಿದೀನಿ."

"ಏನು... ಪಾಸು?" ಎಂದೆ. ಅಷ್ಟು ಹೇಳಲು ಬಹಳ ಹೊತ್ತು ಹಿಡಿಯಿತು. ಹೇಳಿದ ರೀತಿ ಕಹಿಯಾಗಿತ್ತು.

"ಅದೇ ಯೋಚನೆ. ವಾಸಿ ಆಯ್ತು ಅಂತ ಬರೆದ್ರೆ ದೇವರ ಮುಂದೆ ಸುಳ್ಳು ಹೇಳ್ದಂಗಾಗತ್ತೆ."

"ಬೇಡ."

ಅಮ್ಮನ ಕೈ ನಿಂತಿತು. "ನಿನಗೋಸ್ಕರ ಮೊದಲ್ನೇ ಕಾಣಿಕೆ ನೀನು ಹುಟ್ಟಿದ ವಾರ ಕೊಟ್ವಿ. ಆಗ ನೀನೇನೇ ಪಾಸ್ ಮಾಡಿದ್ದೆ? ಕುತ್ತಿಗೇನೂ ನಿಲ್ತಿರ್ಲಿಲ್ಲ."

ಮತ್ತೆ ಅವರೆಕಾಯಿ ಎತ್ತಿಕೊಂಡಳು. ನಾನೂ ಎಡಗೈಯಿಂದ ಒಂದು ತೆಗೆದುಕೊಂಡೆ. ಮನಸ್ಸಿನಲ್ಲಿ ಏನೋ ತನ್ನ ಜಾಗಕ್ಕೆ ಬಂದು ಕೂತಿತು. ಮಾತೇ ಆಡಲಾಗದ ಕೂಸನ್ನು ದೇವರ ಮುಂದೆ ತಂದಿದ್ದರು. ಆ ಕೂಸಿಗೇ ಯಾರೋ, ಆಸ್ಪತ್ರೆಯಲ್ಲಿ ತಾನಾಗಿ ಬಂದ ಆ ಪ್ರಾರ್ಥನೆಯನ್ನು ಅರ್ಥವಾಗುವ ಮೊದಲೇ ಕೊಟ್ಟಿದ್ದರು. ನಾನು ಗಳಿಸಿದ್ದೆಲ್ಲ ಕೈಬಿಟ್ಟ ದಿನ ಉಳಿದದ್ದು, ಗಳಿಸದೆ ಪಡೆದದ್ದು. ಅದನ್ನು ಪವಾಡವೆನ್ನಲಾರೆ. ಥೆರಪಿಸ್ಟ್ ಹೇಳಿದ್ದು ವಿಜ್ಞಾನ, ಅದು ಸರಿಯೇ. ಆದರೆ ನನ್ನ ಬೆಲೆ ನನ್ನ ಕೆಲಸದಲ್ಲಿಲ್ಲವೆಂದು ಬಾಯಿಪಾಠ ಮಾಡಿದ್ದವಳಿಗೆ, ಅದು ನಿಜವೆಂದು ತಿಳಿದದ್ದು ಅಂದೇ.

ಭಾನುವಾರ ಹೋದೆ. ಹಿಂದಿನ ಬೆಂಚಿನಲ್ಲಿ ಕೂತೆವು. ಅಯ್ಯನವರು ಕವರುಗಳನ್ನು ಓದುತ್ತಾ ಬಂದರು: ಹೊಸ ಮನೆ, ಸಿಇಟಿ ಸೀಟು, ಮದುವೆಯ ಬೆಳ್ಳಿಹಬ್ಬ. ನಂತರ ಅಮ್ಮನ ಹೆಸರು. "ಮಗಳಿಗಾಗಿ," ಎಂದು ಓದಿ ನಿಂತರು. ಮುಂದಿನದೇನೆಂದು ಕವರ್ ತಿರುಗಿಸಿ ನೋಡಿದರು. ಏನೂ ಇರಲಿಲ್ಲ.

"ಮಗಳಿಗಾಗಿ," ಎಂದು ಇನ್ನೊಮ್ಮೆ ಓದಿದರು.

ಈ ಸಲವೂ ತಲೆ ತಗ್ಗಿಸಿದೆ. ಒಳಗೆ ಮಾತ್ರ ಯಾವುದಕ್ಕೂ ಕಾಯುತ್ತಿರಲಿಲ್ಲ.

ಇದನ್ನು ನಿಧಾನವಾಗಿ ಬರೆಯುತ್ತಿದ್ದೇನೆ, ಬೆಳಿಗ್ಗೆಗೊಂದು ಪ್ಯಾರಾ. ಕೆಲವು ಪದಗಳು ಮಧ್ಯಾಹ್ನ ಬರುತ್ತವೆ. ತರಗತಿಗೆ ಮರಳುತ್ತೇನೋ ಇಲ್ಲವೋ, ಡಾಕ್ಟರೂ ಹೇಳುತ್ತಿಲ್ಲ. ಭಯ ಹೋಗಿಲ್ಲ.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ, ನಮ್ಮ ಮುಂದಿನ ಬೆಂಚಿನಲ್ಲಿ ಕೂತಿದ್ದ ಆಂಟಿಯೊಬ್ಬರು ನನ್ನ ಕೈ ಹಿಡಿದರು. "ಹೇಗಿದ್ದೀಯಮ್ಮ ಈಗ?"

ಅಮ್ಮ ಉತ್ತರಿಸಲು ಬಾಯಿ ತೆರೆದಳು. ನಾನು ಅವಳ ತೋಳು ಮುಟ್ಟಿದೆ. ಆಂಟಿ ಕಾದರು. ಅವರ ಹಿಂದೆ ಹೊರಗೆ ಹೋಗಲು ನಿಂತಿದ್ದವರೂ ಕಾದರು.

"ಇದ್ದೀನಿ, ಆಂಟಿ," ಎಂದೆ.