ಹವಳದ ಸರದ ಮೇಲೆ ಗುಮಾನಿ

ಟಿಂಗ್-ಟಾಂಗ್ ಎಂದು ಮೆಟ್ರೋದ ಬಾಗಿಲು ಮುಚ್ಚುವಷ್ಟರಲ್ಲಿ ಸಿದ್ದೇಶ್ವರಿ ಇಳಿದಾಗಿತ್ತು. ಮುಧೋಳದ ಈ ಹೆಂಗಸು ವಾಷಿಂಗ್ಟನ್ ಬಳಿಯ ಜರ್ಮನ್‌ಟೌನ್‌ನ ಲ್ಯಾಬೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದು, 2023ರಲ್ಲಿ ನಿವೃತ್ತಳಾದವಳು. ಬೇರೆಯವರು ಬರೆದ ಫಲಿತಾಂಶಕ್ಕೆ ತಾನೇ ಇನ್ನೊಮ್ಮೆ ನೋಡದೆ ಸಹಿ ಹಾಕಿದವಳಲ್ಲ. ಮನೆಯಲ್ಲಿ ಹಾಲಿನ ಡಬ್ಬದ ತಾರೀಕನ್ನೂ ನಂಬದೆ ಮೂಸಿ ನೋಡುತ್ತಿದ್ದಳು.

ಈಗ ಅವಳಿಗೆ ಒಂದೇ ಆಸೆ: ವಾಷಿಂಗ್ಟನ್ನಿನ ಮ್ಯೂಸಿಯಂ ಒಂದರಲ್ಲಿ ಗೈಡ್ ಆಗಬೇಕು. ಸಂಬಳವಿಲ್ಲ, ಬರೀ ಬ್ಯಾಡ್ಜ್. ಇವತ್ತು ಕೊನೆಯ ಪರೀಕ್ಷೆ. ಕನ್ನಡ ಕುಟುಂಬಗಳ ಗುಂಪಿಗೆ ಒಂದು ಚಿತ್ರ ವಿವರಿಸಬೇಕು. ಅಂಕ ಹಾಕುವವರು ಹಿರಿಯ ಗೈಡ್ ರವಿಶಂಕರ್, ಮೈಸೂರಿನವರು.

ಐನೂರು ವರ್ಷದ ಹಿಂದೆ ಇಟಲಿಯಲ್ಲಿ ಯಾರೋ ಬರೆದ ರೇಖಾಚಿತ್ರ. ಮೇರಿಯ ತೊಡೆಯ ಮೇಲೆ ಬಾಲಯೇಸು, ಅವನ ಮುಷ್ಟಿಯಲ್ಲಿ ಪುಟ್ಟ ಹಕ್ಕಿ, ಕೊರಳಲ್ಲಿ ಹವಳದ ಸರ. ಹಕ್ಕಿ ಅವನ ಮುಂದಿನ ಯಾತನೆ, ಹವಳ ಶಿಲುಬೆಯ ಮೇಲೆ ಹರಿಯಲಿರುವ ರಕ್ತ ಎಂದಿತ್ತು ಮ್ಯೂಸಿಯಂ ಕೊಟ್ಟ ಹಾಳೆ.

ಸಿದ್ದೇಶ್ವರಿಗೆ ಆ ಹಾಳೆಯ ಮೇಲೆ ಮೊದಲಿನಿಂದಲೂ ಗುಮಾನಿ. ಭೂತಗನ್ನಡಿ ಹಿಡಿದು ನೋಡಿದ್ದಳು. ಚಿತ್ರವೆಲ್ಲ ಕಂದು ಶಾಯಿ. ಹವಳ ಮಾತ್ರ ಕೆಂಪು ಚಾಕ್, ಶಾಯಿಯ ಗೆರೆಗಳ ಮೇಲೆ, ತುಸು ಸೊಟ್ಟಗೆ. ಎಲ್ಲ ಮುಗಿದ ಮೇಲೆ ಇಟ್ಟದ್ದು. ಅವಳ ಊರಿನಲ್ಲಿ ಕೂಸಿಗೆ ಎರೆದು, ಅಂಗಿ ತೊಡಿಸಿ, ಕಟ್ಟಕಡೆಗೆ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದರಲ್ಲ, ಹಾಗೆ.

ಕೂಸಿಗೆ ದೃಷ್ಟಿ ತಾಗದಿರಲೆಂದು ಕಟ್ಟಿದ ಹವಳವಿದು ಎಂದೇ ಗುಂಪಿನೆದುರು ಹೇಳಿದಳು. ರಕ್ತದ ಮಾತೇ ಎತ್ತಲಿಲ್ಲ.

ರವಿಶಂಕರ್ ಅವಳನ್ನು ಬೆಂಚಿನ ಬಳಿಗೆ ಕರೆದರು. "ಏನ್ ಮೇಡಂ, ಮೇರಿಗೆ ಸೀಮಂತಾನೂ ಮಾಡಿಸ್ಬಿಡ್ತೀರೇನೋ."

"ಕೂಸಿನ ಕೊಳ್ಳಾಗ ತಾಯಿ ಸಾವು ಕಟ್ತಾಳೇನ್ರೀ? ಯಾರ್ ಬರದಾರ ಈ ಹಾಳಿ?"

"ಪ್ರೊಫೆಸರ್‌ಗಳು. ದೃಷ್ಟಿಗೂ ಕಟ್ತಿದ್ರು, ಒಪ್ತೀನಿ. ಆದ್ರೆ ಇದು ಬರೀ ಮಗು ಅಲ್ಲ, ದೇವರು."

"ದೇವರಾದ್ರೂ ಎತ್ಕೊಂಡಾಕಿ ತಾಯಿನ ಅಲ್ಲೇನ್ರೀ."

"ಸರಿ, ಎರಡನ್ನೂ ಹೇಳಿ. ಜನ ಇನ್ನೂ ಅಲ್ಲೇ ಇದ್ದಾರೆ. ಬ್ಲಡ್ ಅಂತ ಒಂದು ಸೆಂಟೆನ್ಸ್ ಆಡ್ ಮಾಡಿ, ಪಾಸ್ ಮಾಡ್ತೀನಿ. ಇಲ್ಲಾಂದ್ರೆ ಬ್ಯಾಡ್ಜ್ ಇಲ್ಲ."

ಅವರು ಅಷ್ಟು ಬೇಗ ರಾಜಿಗೆ ಬಂದದ್ದೂ ಅವಳಿಗೆ ಅನುಮಾನ ತಂದಿತು. ಚಿತ್ರದ ಕಡೆ ತಿರುಗಿ ನೋಡಿದಳು. ಗುಂಪಿನಲ್ಲಿದ್ದ ಯಾಮಿನಿ ಎಂಬ ಹುಡುಗಿ ನಿದ್ದೆಹೋದ ತನ್ನ ಎಳೆಗೂಸನ್ನು ಹೆಗಲಿಗೆ ಹಾಕಿಕೊಂಡು ಹವಳವನ್ನೇ ನೋಡುತ್ತ ನಿಂತಿದ್ದಳು. ಅವಳ ಮುಂದೆ ಹೋಗಿ ರಕ್ತ ಎನ್ನಬೇಕು.

"ಬ್ಯಾಡ್ಜ್ ನಿಮ್ಮ ಹಂತ್ಯಾಕ ಇರ್ಲಿ ಬಿಡ್ರಿ."

"ಹಠ ಯಾಕೆ ಮೇಡಂ, ಒಂದೇ ಒಂದು ಸೆಂಟೆನ್ಸು, ಬೇಕಿದ್ರೆ ಮೆಲ್ಲಗೆ..." ರವಿಶಂಕರ್ ಇನ್ನೂ ಹೇಳುತ್ತಲೇ ಇದ್ದರು. ಸಿದ್ದೇಶ್ವರಿ ಸೆರಗು ಸರಿಪಡಿಸಿಕೊಂಡು ಹೊರಬಾಗಿಲ ಕಡೆ ನಡೆದಳು.