ಇಪ್ಪತ್ತೈದು ವರ್ಷದ ಈಜುಕೊಳ

ಒದ್ದೆಯಾದ ಈಜುಡುಗೆಗೆ ಒಂದು ವಿಚಿತ್ರ ಸ್ವಭಾವವಿದೆ: ಊರಿಗೆ ಹೊರಡುವ ದಿನ ಅದು ಒಣಗುವುದಿಲ್ಲ. ಫ್ಯಾನಿನ ಕೆಳಗೆ ಹರವಿ, ಕಿಟಕಿಯ ಸರಳಿಗೆ ಕಟ್ಟಿ, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿಸಿ, ಕೊನೆಗೆ ಇಸ್ತ್ರಿಪೆಟ್ಟಿಗೆ ತೋರಿಸಿ ಬೆದರಿಸಿದರೂ, ಸೊಂಟದ ಎಲಾಸ್ಟಿಕ್ಕಿನೊಳಗೆ ನಾಲ್ಕು ಹನಿ ನೀರನ್ನು ಬಚ್ಚಿಟ್ಟುಕೊಂಡೇ ಅದು ಪೆಟ್ಟಿಗೆ ಸೇರುತ್ತದೆ. ಮನೆಗೆ ಬಂದು ಪೆಟ್ಟಿಗೆ ತೆರೆದರೆ ನಮ್ಮವರ ಆಫೀಸಿನ ಅಂಗಿ, ನನ್ನ ಒಳ್ಳೆಯ ಸೀರೆ, ತಿನ್ನದೆ ಉಳಿದ ಚಕ್ಕುಲಿ, ಎಲ್ಲಕ್ಕೂ ಕ್ಲೋರಿನ್ನಿನ ಸುಗಂಧ. ಉಳಿದವರ ಮನೆಗೆ ಧೂಪದ ವಾಸನೆಯೋ ಒಗ್ಗರಣೆಯ ವಾಸನೆಯೋ ಗುರುತಾಗಿದ್ದರೆ, ಕಳೆದೆರಡು ವರ್ಷಗಳಿಂದ ನಮ್ಮ ಮನೆಯ ಗುರುತು ಇದು. ಅದಕ್ಕೆ ಕಾರಣ ನಮ್ಮ ಈಜುಕೊಳ ಪರ್ಯಟನೆ.

ನಮ್ಮವರು ಬ್ಯಾಂಕಿನಲ್ಲಿದ್ದಾರೆ. ಮೂರು ವರ್ಷ, ಹೆಚ್ಚೆಂದರೆ ನಾಲ್ಕು. ಗ್ಯಾಸಿನವನ ಫೋನ್ ನಂಬರು ಬಾಯಿಪಾಠವಾಗುವ ಹೊತ್ತಿಗೆ ಬದಲಿಯ ಆದೇಶ ಬಂದಿರುತ್ತದೆ. ಹೀಗೆ ನಾಸಿಕ್‌ನಲ್ಲಿ ನಾಲ್ಕು ವರ್ಷ ಕಳೆದು, ಹೋದ ವರ್ಷ ಸಂಭಾಜಿನಗರಕ್ಕೆ ಬಂದಿದ್ದೇವೆ. ಮಕ್ಕಳಿಬ್ಬರು: ಒಂಬತ್ತರ ಅನಘಾ, ಆರರ ಚಿರಾಗ. ಎರಡೂ ತಡವಾಗಿ ಬಂದ ಫಲಗಳಾದ್ದರಿಂದ, ನಲವತ್ತೇಳರ ನನ್ನನ್ನು ನಾಸಿಕ್‌ನ ಕೊಳದ ಬಾಗಿಲಲ್ಲಿ ಟಿಕೆಟ್ಟಿನ ಹುಡುಗಿ ‘ಆಜೀ’ ಎಂದೇ ಕರೆದಳು. ನಾನು ತಿದ್ದಲಿಲ್ಲ. ಹಿರಿಯ ನಾಗರಿಕರಿಗೆ ಏನಾದರೂ ರಿಯಾಯಿತಿ ಇದ್ದೀತೆಂಬ ಕ್ಷುದ್ರ ಆಸೆಯಿಂದ ಅಜ್ಜಿಯ ಗಾಂಭೀರ್ಯದಲ್ಲೇ ತಲೆಯಾಡಿಸಿದೆ. ಇರಲಿಲ್ಲ.

ಆ ಕೊಳ ನಾಸಿಕ್ ಊರಾಚೆ, ಕರಿಗಲ್ಲಿನ ಬೋಳು ಗುಡ್ಡಗಳ ನಡುವೆ ತಲೆಯೆತ್ತಿದ ಒಂದು ‘ಉಷ್ಣವಲಯದ ದ್ವೀಪ’ದಲ್ಲಿತ್ತು. ದ್ವೀಪಕ್ಕೆ ಸುತ್ತ ನೀರಿಲ್ಲ, ನಡುವೆ ಮಾತ್ರ ನೀರು. ಪ್ಲಾಸ್ಟಿಕ್ ಹುಲ್ಲು ಹೊದಿಸಿದ ಗುಡಿಸಲುಗಳು, ಅತಿಥಿಗಳ ತಲೆಯ ಮೇಲಿನ ಕಾಳಜಿಯಿಂದ ಕಾಯಿಗಳನ್ನೆಲ್ಲ ಮುಂಚಿತವಾಗಿ ಕೆಡವಿಸಿಕೊಂಡು ಬಂಜೆಯರಂತೆ ನಿಂತ ತೆಂಗಿನಮರಗಳು, ಬಂಡೆಯೊಳಗಿಂದ ಹಾಡುವ ಅದೃಶ್ಯ ಸ್ಪೀಕರುಗಳು. ಮಕ್ಕಳು ಅದನ್ನು ಕಂಡು ಹುಚ್ಚಾದವು. ನಾನೂ ಆದೆನೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಕೊಳದ ಬದಿಯ ಫಲಕ ನೈಲಾನ್ ಉಡುಗೆ ತೊಟ್ಟವರಿಗಷ್ಟೇ ಪ್ರವೇಶವೆಂದಿತು. ನೂಲಿನ ಸಲ್ವಾರು ತೊಟ್ಟ ನಾನು ದಂಡೆಯಲ್ಲೇ ಉಳಿದೆ.

ಇಲ್ಲಿ, ಓದುಗ ಮಹಾಶಯರೇ, ನಾನೊಂದು ಜಂಬದ ಮಾತು ಹೇಳಲೇಬೇಕು. ಆ ದಿನ ಆ ಕೊಳದ ಸುತ್ತ ಇದ್ದ ನೈಲಾನಿನ ಜನರಲ್ಲಿ ನನ್ನಷ್ಟು ಚೆನ್ನಾಗಿ ಈಜಬಲ್ಲವರು ಒಬ್ಬರೂ ಇರಲಿಲ್ಲ. ನನ್ನ ತವರು ಬಾಗಲಕೋಟೆಯ ಹತ್ತಿರದ ಹಳ್ಳಿ. ಅಲ್ಲಿ ಹೊಲದ ನಡುವೆ ಮೆಟ್ಟಿಲಿಳಿದು ಹೋಗುವ ಒಂದು ಪಾವಟಿಗೆಯ ಬಾವಿಯಿತ್ತು. ಬೇಸಿಗೆ ರಜೆ ಬಂತೆಂದರೆ ನಮ್ಮ ಸೋದರಮಾವ ಓಣಿಯ ಮಕ್ಕಳನ್ನೆಲ್ಲ ಹೊರಡಿಸಿಕೊಂಡು ಹೋಗಿ, ಒಬ್ಬೊಬ್ಬರ ನಡಕ್ಕೆ ಹಗ್ಗ ಬಿಗಿದು ನೀರಿಗೆ ತಳ್ಳಿ, ಮೇಲೆ ಪಾವಟಿಗೆಯಲ್ಲಿ ನಿಂತು ಹಗ್ಗದ ತುದಿ ಹಿಡಿದು ಕೂಗುತ್ತಿದ್ದ: “ಕಾಲು ಬಡಿ! ತಲಿ ಎತ್ತಬ್ಯಾಡ! ನಾ ಹಿಡದೀನಿ!” ಅವನ ಕೂಗು ಬಾವಿಯ ಗೋಡೆಗೆ ಬಡಿದು ಎರಡು ಸಲ ಕೇಳಿಸುತ್ತಿತ್ತು, ಆದ್ದರಿಂದ ಅವನು ಹಿಡಿದಿದ್ದಾನೆಂಬ ಧೈರ್ಯವೂ ಎರಡು ಪಟ್ಟು. ಮುಂದೆ ಆಲಮಟ್ಟಿಯ ಹಿನ್ನೀರು ಏರಿದಾಗ ಹೊಲ, ಬಾವಿ, ಓಣಿ ಎಲ್ಲ ಮುಳುಗಡೆಯಾದವು. ತವರಿನವರು ಬೇರೆ ಬೇರೆ ಊರುಗಳಲ್ಲಿ ನೆಲೆಸಿದರು. ಹೋಗಿ ತೋರಿಸೋಣವೆಂದರೆ ನನಗೀಗ ಊರಿಲ್ಲ, ದೋಣಿ ಬೇಕು.

ದಂಡೆಯಲ್ಲಿ ನಿಂತು, ಮಕ್ಕಳು ಮೆಟ್ಟಿಲ ಕಂಬಿ ಬಿಡದೆ ಕಪ್ಪೆಗಳ ಹಾಗೆ ಕೂತಿರುವುದನ್ನು ನೋಡುತ್ತಿದ್ದ ನನಗೆ ತಡೆಯಲಾಗಲಿಲ್ಲ. ನಾನು ಎಲ್ಲಿಗೆ ಹೋದರೂ ಒಂದು ಹಳೆಯ ನೂಲಿನ ಸೀರೆ ಚೀಲದಲ್ಲಿರುತ್ತದೆ: ರೈಲಿನಲ್ಲಿ ಪರದೆ, ಲಾಡ್ಜಿನಲ್ಲಿ ಹಾಸಿಗೆ, ಊಟಕ್ಕೆ ಕೂತಾಗ ಮಗನ ಎದೆವಸ್ತ್ರ. ಅದನ್ನು ತೆಗೆದು, ನಾಲ್ಕು ಪದರು ಮಡಚಿ, ಅನಘಾಳ ನಡಕ್ಕೆ ಬಿಗಿದು ಗಂಟು ಹಾಕಿ, ಇನ್ನೊಂದು ತುದಿ ನನ್ನ ಮುಷ್ಟಿಯಲ್ಲಿಟ್ಟುಕೊಂಡು, ಕರುವನ್ನು ನಡೆಸುವಂತೆ ದಂಡೆಯುದ್ದಕ್ಕೂ ನಡೆಯತೊಡಗಿದೆ.

ಕಾವಲಿನವನ ಸೀಟಿ ಕಿವಿ ಸೀಳಿತು. “ಓ ವಹಿನೀ! ಕಾಟನ್ ಚಾಲತ್ ನಾಹೀ!”

ಅತ್ತಿಗೇ, ನೂಲಿನ ಬಟ್ಟೆ ನಡೆಯುವುದಿಲ್ಲ ಎಂದವನು ಹೇಳಿದ್ದು. ನನ್ನ ಬಾಗಲಕೋಟೆಯ ಮರಾಠಿಯಲ್ಲಿ ಅವನಿಗೆ ವಿನಯದಿಂದ ನಿವೇದಿಸಿದೆ: “ಅಣ್ಣಾ, ಉಟ್ಟವರು ಇಳೀಬಾರದು ಅಂತ ಬರ್ದಾರ. ನಾ ಉಟ್ಟಿಲ್ಲ, ಹಿಡಕೊಂಡೀನಿ.” ಅವನು ಫಲಕವನ್ನು ಎರಡು ಸಲ ಓದಿದ. ನ್ಯಾಯ ನನ್ನ ಕಡೆಗಿತ್ತೋ, ಅಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಯಾರೋ ವಡಾಪಾವ್ ಸಮೇತ ನೀರಿಗಿಳಿದದ್ದೋ, ಅಂತೂ ಅವನು ಅತ್ತ ಓಡಿದ. ಮಗಳಿಗೆ ಮಾತ್ರ ಪ್ರಾಣಹೋಗುವಷ್ಟು ನಾಚಿಕೆ. “ಅಮ್ಮಾ, ಸಗಳೇ ಬಘತಾತ!” ಎಲ್ಲರೂ ನೋಡುತ್ತಿದ್ದಾರೆಂದು ಅವಳ ಅಳಲು. ನಮ್ಮ ಮಕ್ಕಳಿಗೆ ಕನ್ನಡ ಕಿವಿಯಲ್ಲಿದೆ, ನಾಲಗೆಗೆ ಇಳಿದಿಲ್ಲ. ನಾನು ಕನ್ನಡದಲ್ಲಿ ಕರೆದರೆ ಉತ್ತರ ಮರಾಠಿಯಲ್ಲೇ ಬರುತ್ತದೆ. “ನೋಡ್ಲಿ ಬಿಡು. ಕಾಲು ಬಡಿ,” ಎಂದೆ. ಎರಡನೆಯ ಭೇಟಿಗೆ ಅವಳು ಸೀರೆಯ ಹಂಗಿಲ್ಲದೆ ಕೊಳ ದಾಟಿದಳು. ಗಂಟು ಕಟ್ಟುವಾಗಲೆಲ್ಲ ಬಾವಿಯ ಕಥೆಯನ್ನು ಸೋದರಮಾವನ ಕೂಗಿನ ಸಮೇತ ಹೇಳುತ್ತಿದ್ದೆ, ಅಂಜಿಕೆ ಮರೆಯಲೆಂದು. ಕೇಳಿಸಿಕೊಂಡಳೋ ಇಲ್ಲವೋ, ಆಗ ತಿಳಿಯಲಿಲ್ಲ.

ಸಂಭಾಜಿನಗರಕ್ಕೆ ಬಂದ ಮೇಲೆ ಶಾಲೆಯಲ್ಲಿ ‘ಮಾಝೇ ಗಾವ್’, ಅಂದರೆ ‘ನನ್ನ ಊರು’ ಎಂಬ ಪ್ರಬಂಧ ಬರೆಸಿದರು. ಅನಘಾ ನಾಸಿಕ್‌ನ ಆ ಕೊಳದ ಬಗ್ಗೆ ಬರೆದು, ಕಾಯಿಲ್ಲದ ತೆಂಗಿನಮರಗಳ ಚಿತ್ರವನ್ನೂ ಬಿಡಿಸಿದ್ದಳು. ಬಾಯಿಗಳು, ಅಂದರೆ ಅವಳ ಟೀಚರು, ನಕ್ಕು ಅಂಕ ಕೊಟ್ಟರು. ನಮ್ಮವರು ನಗಲಿಲ್ಲ. ಅವರ ತಂದೆಗೂ ಅಂಚೆ ಇಲಾಖೆಯ ಬದಲಿಯ ನೌಕರಿ, ಹೀಗಾಗಿ ಇವರು ಹುಟ್ಟಿದ್ದೊಂದೂರು, ಓದಿದ್ದೈದೂರು. ‘ನಿಮ್ಮದು ಯಾವೂರು?’ ಎಂದು ಯಾರಾದರೂ ಕೇಳಿದರೆ ಅವರು ಇಂದಿಗೂ ಒಂದು ಕ್ಷಣ ಸೂರು ನೋಡುತ್ತಾರೆ.

ಆ ರಾತ್ರಿ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದರು: “ನೋಡು, ಮಕ್ಕಳಿಗೆ ವರ್ಷಾ ವರ್ಷಾ ತಿರುಗಿ ಹೋಗಾಕ ಒಂದು ಜಾಗಾ ಬೇಕು. ನಮ್ಮ ಕಡೆ ಇಲ್ಲ. ನಿನ್ನ ಕಡೆ ಮುಳುಗೇತಿ. ಒಂದು ತಗೊಂಡುಬಿಡೂಣು.”

“ಜಾಗಾ ಅಂದ್ರ? ಪ್ಲಾಟೇನ್ರೀ?”

“ಅಲ್ಲ. ಟೈಮ್‌ಶೇರ್.”

ಈ ವ್ಯಾಪಾರ ನಿಮಗೆ ಗೊತ್ತಿರಬಹುದು. ಒಮ್ಮೆ ದೊಡ್ಡ ಮೊತ್ತ ಕಟ್ಟಿದರೆ ಇಪ್ಪತ್ತೈದು ವರ್ಷ, ವರ್ಷಕ್ಕೊಂದು ವಾರ, ರೆಸಾರ್ಟಿನ ಕೋಣೆ ನಿಮ್ಮದು. ಕೋಣೆಯನ್ನಲ್ಲ, ಕಾಲವನ್ನು ಕೊಳ್ಳುವುದು. ಕಾಲಪುರುಷನನ್ನೇ ತುಂಡು ಮಾಡಿ ವಾರದ ಲೆಕ್ಕದಲ್ಲಿ ಮಾರುವ ಈ ಸಾಹಸಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಆದರೆ ನಮ್ಮವರ ಮುಖದಲ್ಲಿದ್ದುದು ವ್ಯಾಪಾರವಲ್ಲ. ಮಕ್ಕಳಿಗೆ ಊರು ಕೊಡಲಾರದ ತಂದೆಯ ನೋವದು. ಅದನ್ನು ನಗೆಯಲ್ಲಿ ತೇಲಿಸುವ ಧೈರ್ಯ ನನಗಾಗಲಿಲ್ಲ.

ಮಾಲೊಂದರಲ್ಲಿ ಚೀಟಿ ತುಂಬಿದ್ದರಿಂದ ನಾವು ‘ಅದೃಷ್ಟಶಾಲಿ ದಂಪತಿ’ಗಳಾಗಿ ಆಯ್ಕೆಯಾದೆವು. ಚೀಟಿ ತುಂಬಿದ ಸಕಲರೂ ಆಯ್ಕೆಯಾಗಿದ್ದರೆಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಚಿಕಲಠಾಣಾದ ವಿಮಾನನಿಲ್ದಾಣ ದಾಟಿ, ಶೇಂದ್ರಾದ ಕಾರ್ಖಾನೆಗಳನ್ನೂ ದಾಟಿದ ಮೇಲೆ ಮತ್ತೊಂದು ಉಷ್ಣವಲಯದ ದ್ವೀಪ. ಮಕ್ಕಳು ಕೊಳಕ್ಕೆ, ನಾವು ಅದರ ಎದುರಿನ ಗಾಜಿನ ಕೋಣೆಗೆ. ಗಾಜಿನೊಳಗಿಂದ ಮಕ್ಕಳು ಕಾಣುವಂತೆ ಕುರ್ಚಿ ಹಾಕಿದವರ ಜಾಣತನವನ್ನು ಮೆಚ್ಚಲೇಬೇಕು.

ಮಾರಾಟದ ಹುಡುಗನ ಹೆಸರು ಪ್ರಸಾದ. ಒಳ್ಳೆಯ ಹುಡುಗ, ನಮ್ಮವರಿಗೆ ಸಕ್ಕರೆ ಕಡಿಮೆಯ ಚಹಾ ತಾನಾಗಿ ತರಿಸಿದ. ನಮ್ಮವರು ಸಾಲದ ಅರ್ಜಿ ನೋಡುವ ಅಭ್ಯಾಸಬಲದಿಂದ ಪ್ರತಿ ಕರಾರನ್ನೂ ಬೆರಳಿಟ್ಟು ಓದಿದರು. ಇದಕ್ಕೂ ಮೊದಲು ಸ್ಥಳಪರಿಶೀಲನೆಯೆಂದು ಕೊಳದ ಸುತ್ತ ನಡೆದು, ಹೆಂಚು ಕುಟ್ಟಿ, ಮೋಟರಿನ ಕೋಣೆಯನ್ನೂ ಇಣುಕಿ ಬಂದಿದ್ದರು. ಪ್ರಸಾದನ ಹಣೆಯಲ್ಲಿ ಬೆವರಿನ ಮಣಿಗಳು ಮೂಡಿದವು. ಕೊನೆಗೆ ನಮ್ಮವರು ಕನ್ನಡಕ ತೆಗೆದು “ಸರಿ ಐತಿ” ಎಂಬಂತೆ ನನ್ನತ್ತ ನೋಡಿದರು. ಹುಡುಗ ಪೆನ್ನಿನ ಟೊಪ್ಪಿಗೆ ತೆಗೆದುಕೊಟ್ಟು, ಈ ಸವಲತ್ತು ಇವತ್ತಿನ ಮಟ್ಟಿಗೆ ಮಾತ್ರವೆಂದ.

ನಾನು ಮರಾಠಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದೆ. “ಇದರಾಗ ನಮ್ಮ ಕೊಳಾ ಯಾವುದಪ್ಪಾ?”

ಅವನ ಮುಖ ಅರಳಿತು. “ಎಲ್ಲಾ ನಿಮ್ಮವೇ, ವಹಿನೀ! ಒಂದು ವರ್ಷ ಗೋವಾ, ಒಂದು ವರ್ಷ ಕೇರಳ, ಒಂದು ವರ್ಷ ರಾಜಸ್ಥಾನ. ಎಲ್ಲಿ ಖಾಲಿ ಇರುತ್ತದೋ ಅಲ್ಲಿ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವ ಬೇಸರವೇ ಇಲ್ಲ.”

ನಮ್ಮವರ ಪೆನ್ನು ಕಾಗದದ ಮೇಲೆ ನಿಂತಿತು. ನಾನು ಮೆಲ್ಲಗೆ ಕನ್ನಡದಲ್ಲಿ ಹೇಳಿದೆ: “ರೀ, ಇದು ಬದಲೀನ ಆತಲ್ಲರೀ. ಬ್ಯಾಂಕಿನವರು ಬದಲಿ ಮಾಡಿದ್ರ ಭತ್ಯೆನಾದ್ರೂ ಕೊಡ್ತಾರ.”

ಅವರು ನಗಲಿಲ್ಲ. “ಏನೂ ಇಲ್ಲದ್ದಕ್ಕಿಂತ ಇದು ಮೇಲಲ್ಲೇನು? ಆ ಕೂಸು ಏನ ಬರದಿತ್ತು, ಮರತಿಯೇನು?” ಎಂದರು. ಮರೆತಿರಲಿಲ್ಲವೆಂಬುದೇ ತೊಂದರೆ. “ಮಕ್ಕಳನ್ನೂ ಒಂದು ಮಾತು ಕೇಳೂಣು,” ಎಂದು ಎದ್ದೆ. ಅವರು ಪೆನ್ನು ಹಿಡಿದುಕೊಂಡೇ ಹಿಂದೆ ಬಂದರು. ಪೆನ್ನಿನ ಹಿಂದೆ ಪ್ರಸಾದ.

ಹೊರಗೆ ಬಂದರೆ, ನನ್ನ ಚೀಲ ಬಾಯಿ ತೆರೆದು ಬಿದ್ದಿತ್ತು. ನೂಲಿನ ಸೀರೆಯ ಒಂದು ತುದಿ ಚಿರಾಗನ ನಡುವಿಗೆ, ಇನ್ನೊಂದು ತುದಿ ಅನಘಾಳ ಮುಷ್ಟಿಯಲ್ಲಿ. ದಂಡೆಯಂಚಿನಲ್ಲಿ ಕಾಲೂರಿ ನಿಂತು ಅವಳು ಇಡೀ ದ್ವೀಪಕ್ಕೆ ಕೇಳುವಂತೆ ಕೂಗುತ್ತಿದ್ದಳು: “ಕಾಲು ಬಡಿ! ತಲಿ ಎತ್ತಬ್ಯಾಡ! ನಾ ಹಿಡದೀನಿ!”

ನಾಲ್ಕು ಶಬ್ದ ಕನ್ನಡ ಒಟ್ಟಿಗೆ ಆಡದ ಹುಡುಗಿ. ಪದಗಳಷ್ಟೇ ಅಲ್ಲ, ‘ಹಿಡದೀನಿ’ಯ ಕೊನೆಯಲ್ಲಿ ಸೋದರಮಾವ ಎಳೆಯುತ್ತಿದ್ದ ರಾಗ ಕೂಡ ಹಾಗೆಯೇ ಇತ್ತು. ಅವನನ್ನು ಅವಳು ಕಂಡದ್ದೇ ಇಲ್ಲ. ನಾನು ನಿಂತಲ್ಲೇ ನಿಂತೆ.

ಗಾಳಿ ತುಂಬಿದ ಬಾತುಕೋಳಿಯ ಮೇಲೆ ಕುಳಿತಿದ್ದ ಅವಳದೇ ವಯಸ್ಸಿನ ಹುಡುಗನೊಬ್ಬ ತೇಲುತ್ತಾ ಬಂದು ಮರಾಠಿಯಲ್ಲಿ, ಇದು ಯಾವ ಭಾಷೆ, ನಿಮ್ಮದು ಯಾವೂರು ಎಂದು ಕೇಳಿದ. ನಮ್ಮವರ ಉಸಿರು ನಿಂತದ್ದು ನನಗೆ ಕೇಳಿಸಿತು.

“ಕನ್ನಡ,” ಎಂದಳು ಅನಘಾ, ಸೀರೆ ಸಡಿಲಿಸದೆ. “ಆಮಚಂ ಗಾವ್ ಬಾಗಲಕೋಟಕಡಚಂ. ಆಮಚೀ ವಿಹೀರ ಪಾಣ್ಯಾಖಾಲೀ ಆಹೇ.”

ನಮ್ಮೂರು ಬಾಗಲಕೋಟೆ ಕಡೆ, ನಮ್ಮ ಬಾವಿ ನೀರಿನ ಕೆಳಗಿದೆ ಎಂದು ಅವಳು ಹೇಳಿದ ಧಾಟಿಯಲ್ಲಿ ದುಃಖದ ಲವಲೇಶವೂ ಇರಲಿಲ್ಲ. ಎಲ್ಲರ ಬಾವಿಯಲ್ಲಿ ನೀರಿರುತ್ತದೆ, ನೀರಿನಲ್ಲೇ ಬಾವಿಯಿರುವ ಮನೆತನ ನಮ್ಮದು ಎಂಬ ಬಿಂಕ ಅದು. ಬಾತುಕೋಳಿಯ ಹುಡುಗ ಬೆರಗಾಗಿ, ಹಾಗಾದರೆ ಈಜಲು ಕಲಿಯುವುದು ಎಲ್ಲಿ ಎಂದ. ಇದು ಎಂಥ ಪ್ರಶ್ನೆ ಎಂಬಂತೆ ನನ್ನ ಮಗಳು ಅವನನ್ನು ನೋಡಿ, ಅತ್ಯಂತ ಸಹಜವಾಗಿ “ಕುಠೇಹೀ” ಎಂದಳು. ಎಲ್ಲಿಯಾದರೂ.

ಇಪ್ಪತ್ತೈದು ವರ್ಷ ಬ್ಯಾಂಕಿನವನ ಹೆಂಡತಿಯಾಗಿ ಊರಿಂದೂರಿಗೆ ಪಾತ್ರೆ ಕಟ್ಟಿ ಬಿಚ್ಚುತ್ತಾ ನಾನು ಏನು ಮಾಡಿದೆನೆಂದು ಯಾರಾದರೂ ಕೇಳಿದ್ದರೆ ಇಷ್ಟು ದಿನ ನಾಚುತ್ತಿದ್ದೆ. ಆ ಕ್ಷಣ ನಾಚಿಕೆಯಾಗಲಿಲ್ಲ. ಜಲಾಶಯವೇ ನುಂಗಿದ ಒಂದು ಬಾವಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದು ಇಲ್ಲಿ ಇಳಿಸಿದ್ದೆ. ಅದು ನನಗೇ ಗೊತ್ತಿರಲಿಲ್ಲ. ಬೆನ್ನು ತಾನಾಗಿ ನೆಟ್ಟಗಾಯಿತು. ಸಾಧ್ಯವಿದ್ದರೆ ಆ ದಿನ ನಾಸಿಕ್‌ನ ಟಿಕೆಟ್ಟಿನ ಹುಡುಗಿಯನ್ನು ಕರೆದು ‘ಆಜಿಯಲ್ಲ, ತಾಯಿ’ ಎಂದು ತಿದ್ದುತ್ತಿದ್ದೆ.

ನಮ್ಮವರು ಕನ್ನಡಕ ಒರೆಸಿಕೊಂಡರು. ನಂತರ ಪೆನ್ನಿಗೆ ಟೊಪ್ಪಿಗೆ ಹಾಕಿ ಪ್ರಸಾದನ ಜೇಬಿಗೆ ಸಿಕ್ಕಿಸಿ, ಸಾಲ ನಿರಾಕರಿಸುವಾಗ ಬಳಸುವ ತಮ್ಮ ಅತ್ಯಂತ ಮೃದುವಾದ ದನಿಯಲ್ಲಿ, ತಾವು ಎಲ್ಲವನ್ನೂ ಪರಿಶೀಲಿಸಿದ್ದಾಗಿಯೂ, ಪ್ರಸ್ತಾವ ಉತ್ತಮವಾಗಿರುವುದಾಗಿಯೂ, ಆದರೆ ಮಂಜೂರು ಮಾಡಲು ಆಗುತ್ತಿಲ್ಲವೆಂದೂ ತಿಳಿಸಿದರು. ಹುಡುಗ ಒಂದು ಗಳಿಗೆ ಪೆಚ್ಚಾದ. ಆಮೇಲೆ ಕೊಳದ ಕಡೆ ನೋಡುತ್ತಾ, ಮೇಲಿನವರಿಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದ: “ನಾನೂ ಬಾವಿಯಲ್ಲೇ ಕಲಿತದ್ದು ಸರ್, ಇಲ್ಲೇ ವೈಜಾಪುರದ ಕಡೆ. ನಮ್ಮ ಕಾಕಾ ಹಗ್ಗ ಹಿಡಿಯುತ್ತಲೇ ಇರಲಿಲ್ಲ.”

ನಮ್ಮವರಿಗೆ ಈಜು ಬಾರದು. ಐದೂರಲ್ಲಿ ಓದಿದವರಿಗೆ ಹಗ್ಗ ಹಿಡಿಯುವವರು ಯಾವ ಊರಲ್ಲೂ ಸಿಕ್ಕಿರಲಿಲ್ಲ. ನೈಲಾನಿನ ಚಡ್ಡಿಯೊಂದನ್ನು ಎರಡು ವರ್ಷದಿಂದ ಎಲ್ಲ ಕೊಳಗಳಿಗೂ ಒಯ್ದು, ಒಣಗಿದ್ದದ್ದನ್ನು ಒಣಗಿದ್ದಂತೆಯೇ ಮನೆಗೆ ತರುತ್ತಿದ್ದರು. ಅದನ್ನು ಹಾಕಿಕೊಂಡು, ಹೊಟ್ಟೆಯನ್ನು ಆದಷ್ಟು ಒಳಗೆಳೆದುಕೊಂಡು ಬಂದವರು ಮಗಳ ಎದುರು ನಿಂತು ಕೇಳಿದರು: “ನನಗೂ ಕಟ್ಟತೀ ಏನವಾ?”

ಅನಘಾ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ, ಭಾರ ಅಂದಾಜು ಮಾಡುವಂತೆ ನೋಡಿದಳು. “ಚಿರಾಗಂದು ಆಗ್ಲಿ. ಆಮ್ಯಾಲ ನಿಂದು. ಸಾಲಾಗ ಕೂಡು,” ಎಂದಳು, ಕನ್ನಡದಲ್ಲಿಯೇ.

ಸಾವಿರಾರು ಜನರನ್ನು ಕೌಂಟರಿನ ಮುಂದೆ ಸಾಲಿನಲ್ಲಿ ನಿಲ್ಲಿಸಿದ ಮನುಷ್ಯ ಕೊಳದಂಚಿನಲ್ಲಿ ಕುಳಿತು, ಕಾಲು ನೀರಿಗಿಳಿಬಿಟ್ಟು, ತಮ್ಮ ಪಾಳಿಗಾಗಿ ಕಾಯತೊಡಗಿದರು.