ಬೂದಿಬುಟ್ಟಿ

ಆಳಂದದ ತೊಗರಿ ಗೋದಾಮಿನಲ್ಲಿ ಕಾಳು ಜರಡಿ ಹಿಡಿಯುವ ರಮಾಬಾಯಿ ಯಾರಿಗೂ ಸೊಪ್ಪು ಹಾಕುವವಳಲ್ಲ. ಇಲಿ ಹಿಡಿಯಲು ಸಾಕಿದ್ದ ಗಂಡುಬೆಕ್ಕು ಕಾಳ್ಯಾನಿಗೆ ಮಾತ್ರ ಹಿತ್ತಲಲ್ಲಿ ಒಂದು ಬುಟ್ಟಿ ಬೂದಿ ಇಟ್ಟಿದ್ದಳು. ಕಾಳ್ಯಾ ಅದರಲ್ಲೇ ಉಚ್ಚೆ ಹೊಯ್ಯುತ್ತಿತ್ತು. ದಿನಾ ಬೆಳಿಗ್ಗೆ ಅವಳು ಆ ಬೂದಿಯನ್ನು ಹಳೆಯ ಜರಡಿಯಲ್ಲಿ ಸೋಸಿ, ಉಚ್ಚೆಗೆ ಒದ್ದೆಯಾದ ಎರಡೋ ಮೂರೋ ಗಟ್ಟಿಗಳನ್ನು ಎಸೆದು, ಬೈದುಕೊಳ್ಳುತ್ತಾ ಕೈ ತೊಳೆಯುತ್ತಿದ್ದಳು.

ಒಂದು ಬೆಳಿಗ್ಗೆ ಜರಡಿಯಲ್ಲಿ ಒಂದು ಗಟ್ಟಿಯೂ ಉಳಿಯಲಿಲ್ಲ. ಬೆಕ್ಕು ಬುಟ್ಟಿಯಲ್ಲಿ ಕೂತು ತಿಣುಕುತ್ತಿತ್ತು.

"ಹೊಟ್ಟಿ ಕಟ್ಟಿರ್ಬೇಕು. ಹರಳೆಣ್ಣಿ ಕುಡಸು," ಎಂದರು ಮಾಲೀಕ ಗುರುಶಾಂತಪ್ಪ.

"ಹೊಟ್ಟಿ ಅಲ್ರಿ, ಉಚ್ಚಿ ಕಟ್ಟ್ಯಾದ. ಬೂದಿ ಸೋಸಾಕಿ ನಾನು, ನೀವಲ್ಲ."

ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ಆಗಲೇ ದನದ ದವಾಖಾನೆಗೆ ಹೊರಟಳು. ಡಾಕ್ಟರು ಸಣ್ಣ ನಳಿಕೆ ಹಾಕಿ ಕಟ್ಟಿದ್ದ ಉಚ್ಚೆ ತೆಗೆದರು.

"ಗಂಡುಬೆಕ್ಕಿಗೆ ಹಿಂಗಾದ್ರ ಒಂದೆರಡು ದಿನದಾಗ ಜೀವಾನೇ ಹೋಗ್ತದ. ಲಗೂನ ತಂದ್ರಿ, ಛಲೋ ಆತು," ಎಂದರು.

ಮೂರು ದಿನ ಬೆಕ್ಕನ್ನು ಹೊತ್ತು ಔಷಧಿಗೆ, ಉಚ್ಚೆ ತೆಗೆಸಲು ಓಡಾಡಿದಳು; ಅದು ಇನ್ನೂ ತಾನಾಗಿ ಉಚ್ಚೆ ಹೊಯ್ದಿರಲಿಲ್ಲ. ಮೂರನೆಯ ದಿನ ವಾಪಸ್ ಬರುವಾಗ ಆಟೊದಲ್ಲಿ ಅವಳ ಮಡಿಲು ಬೆಚ್ಚಗೆ ಒದ್ದೆಯಾಯಿತು.

ಆಟೊದವನು ಹಿಂದೆ ತಿರುಗಿದ. "ಬಾಯೇರ, ವಾಸನಿ ಬರಾಕತ್ತದರಿ."

ರಮಾಬಾಯಿ ಸೀರೆ ಕೊಡವಲಿಲ್ಲ, ಬೆಕ್ಕಿನ ಬೆನ್ನ ಮೇಲಿಂದ ಕೈಯನ್ನೂ ತೆಗೆಯಲಿಲ್ಲ.

"ಬರ್ಲಿ ಬಿಡೋ ತಮ್ಮಾ. ಮೂರು ದಿನ ಇದಕ್ಕೇ ಅಡ್ಡಾಡೀನಿ."